ಅಚ್ಚಿಗೆ ಬಾರದ ಮುಖ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ನನಗೆ ಮೊದಲು ಬರುತ್ತಿದ್ದುದು ಅಸಹನೆ. ಎಲ್ಲೋ ಏನೋ ತಪ್ಪಾಗಿರುತ್ತದೆ, ಅದನ್ನು ಹುಡುಕುವ ತಾಳ್ಮೆ ಇರುವುದಿಲ್ಲ, ಅದಕ್ಕೇ ದೆವ್ವವನ್ನೋ ದೇವರನ್ನೋ ಕರೆತರುತ್ತಾರೆ ಎಂದುಕೊಂಡಿದ್ದವಳು ನಾನು. ಈಗಲೂ ಬಹುಮಟ್ಟಿಗೆ ಹಾಗೇ ಅಂದುಕೊಳ್ಳುತ್ತೇನೆ. ಆದರೆ ಡಿಗ್ರಿಯ ಕೊನೆಯ ವರ್ಷ ನಡೆದ ಒಂದು ಸಂಗತಿಯಲ್ಲಿ ಆ ತಪ್ಪು ಎಲ್ಲಿತ್ತೆಂದು ಇವತ್ತಿಗೂ ನನಗೆ ಸಿಕ್ಕಿಲ್ಲ. ಹುಡುಕಿಲ್ಲವೆಂದಲ್ಲ.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ. ಅಲ್ಲಿಂದ ದಿನಾ ರೈಲಿನಲ್ಲಿ ಓಡಾಡಿಕೊಂಡು ಮೈಸೂರಿನ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಿತ್ರಕಲೆಯ ಡಿಗ್ರಿ ಓದಿದೆ. ಡ್ರಾಯಿಂಗ್, ಪೇಂಟಿಂಗ್, ಪ್ರಿಂಟ್‌ಮೇಕಿಂಗ್ ಮೂರೂ ಕಲಿಸುತ್ತಿದ್ದರು. ಅದೇ ಕ್ಲಾಸಿನ ಜೊತೆಗಾತಿ ಸವಿತಾ ಮದ್ದೂರಿನಲ್ಲೇ ಹತ್ತಿ ನನಗೊಂದು ಸೀಟು ಹಿಡಿದಿರುತ್ತಿದ್ದಳು. ಬಿ.ಎಸ್ಸಿ. ಮಾಡು ಎಂದರೂ ಕೇಳದೆ ಸೇರಿದ್ದರಿಂದ ಅವ್ವನಿಗೆ ನನ್ನ ಮೇಲೆ ಸಿಟ್ಟಿತ್ತು. ನಾನು ಮನೆಯಲ್ಲಿ ಅಚ್ಚು ತೆಗೆಯಲು ಬಳಸುವ, ರಬ್ಬರಿನಂಥ ಲಿನೋ ಹಾಳೆ ಕೆತ್ತುತ್ತ ಕೂತರೆ, "ಇಡೀ ದಿನ ರಬ್ಬರ್ ಕೆರ್ಕಂಡ್ ಕೂತಿದ್ರೆ ಡಿಗ್ರಿ ಕೊಟ್ಟಾರೇನೆ?" ಎನ್ನುತ್ತಿದ್ದಳು. ಆ ವರ್ಷ ನನಗೂ ಅದೇ ಅನುಮಾನ ಬಂದಿತ್ತು.

ಯಾಕೆಂದರೆ ನಮ್ಮ ಪ್ರಿಂಟ್‌ಮೇಕಿಂಗ್ ಮೇಷ್ಟ್ರು ನನ್ನ ಯಾವ ಕೆಲಸವನ್ನೂ ಒಪ್ಪುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಅಚ್ಚನ್ನು ಎತ್ತಿ ನೋಡಿ, "ಕೈ ಚೆನ್ನಾಗಿದೆಯಮ್ಮ" ಎಂದು ಕೆಳಗಿಟ್ಟು ಪಕ್ಕದವರ ಕಡೆ ಹೋಗಿಬಿಡುತ್ತಿದ್ದರು. ಒಂದು ಸಲ ಹಿಂದೆಯೇ ಹೋಗಿ, ಇನ್ನೇನು ಬೇಕು ಸರ್ ಎಂದು ಕೇಳಿದೆ. "ಅದು ಗೊತ್ತಿದ್ದರೆ ನಾನೇ ಮಾಡ್ತಿದ್ದೆ" ಎಂದರು. ಅವತ್ತು ರೈಲಿನಲ್ಲಿ ಅತ್ತುಬಿಟ್ಟೆ. ಪೋರ್ಟ್‌ಫೋಲಿಯೊ ಕೊಡಲು ಒಂದೂವರೆ ತಿಂಗಳಿತ್ತು. ಫೇಲಾದರೆ ಅವ್ವ ಹೇಳಿದ್ದೇ ಸರಿ ಎಂದಾಗುತ್ತಿತ್ತು.

ಒಂದು ಭಾನುವಾರ ಮಳವಳ್ಳಿಯ ಸೋದರತ್ತೆ ಮನೆಯವರ ಜೊತೆ ಕಾವೇರಿ ದಡದ ಮುತ್ತತ್ತಿಗೆ ಹೋದೆ. ಅವರು ದೇವಸ್ಥಾನಕ್ಕೆ ಹೋದಾಗ ನಾನು ಹೊಳೆ ಕಡೆ ನಡೆದೆ. ಅಲ್ಲಿ ಒಬ್ಬ ಹೆಂಗಸು ಬುಟ್ಟಿ ಮುಂದಿಟ್ಟುಕೊಂಡು ಸೌತೆಕಾಯಿ ಮಾರುತ್ತಿದ್ದಳು. ಐವತ್ತರ ಆಸುಪಾಸು. ಒಂದು ಕೈಯಲ್ಲಿ ಸೌತೆಕಾಯಿ ಸೀಳುತ್ತ, ಇನ್ನೊಂದರಲ್ಲಿ ಕೋತಿಗಳಿಗೆ ಕೋಲು ತೋರಿಸುತ್ತ ಕೂತಿದ್ದ ಭಂಗಿ ಬಹಳ ಹಿಡಿಸಿತು. ನಿಮ್ಮ ಚಿತ್ರ ಬರೆಯಲೇ ಅಕ್ಕಾ ಎಂದು ಕೇಳಿದೆ.

"ಬರ್ಕೊ. ಕೈ ಬರ್ಕೊ, ಬುಟ್ಟಿ ಬರ್ಕೊ. ಮಕ ಮಾತ್ರ ಬ್ಯಾಡ ಕಣವ್ವ."

ಯಾಕೆಂದು ಕೇಳಿದ್ದಕ್ಕೆ, "ಬ್ಯಾಡ ಅಂದ್ರೆ ಬ್ಯಾಡ, ಬುಡು" ಎಂದಳು. ಆಯ್ತಕ್ಕ ಎಂದು ಮಾತು ಕೊಟ್ಟೆ. ಅರ್ಧ ಗಂಟೆ ಕೂತು ಬರೆದೆ, ಮುಖ ಬಿಟ್ಟು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಹಾಳೆ ತೆಗೆದು ನೋಡಿದರೆ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಹಲಗೂರು ದಾಟುವ ಹೊತ್ತಿಗೆ ನೆನಪಿನಿಂದಲೇ ಮುಖ ಬರೆದು ಮುಗಿಸಿದ್ದೆ. ಅವಳಿಗೇನು ಗೊತ್ತಾಗಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಮುಖ ಚೆನ್ನಾಗಿ ಬಂದಿದೆಯೆಂಬ ಖುಷಿಯೇ ಹೆಚ್ಚಾಗಿತ್ತು.

ಆ ಚಿತ್ರವನ್ನು ಲಿನೋ ಮೇಲೆ ಇಳಿಸಿಕೊಂಡು ಎರಡು ವಾರ ಕೆತ್ತಿದೆ. ಲಿನೋದಲ್ಲಿ ಕೆತ್ತಿ ತೆಗೆದ ಜಾಗ ಬಿಳಿ ಉಳಿಯುತ್ತದೆ, ಉಬ್ಬಿ ನಿಂತ ಗೆರೆ ಮಾತ್ರ ಇಂಕು ಹಿಡಿದು ಕಾಗದಕ್ಕೆ ಬರುತ್ತದೆ. ಹಣೆಯ ನೆರಿಗೆ, ಕಣ್ಣಿನ ಸುತ್ತಲಿನ ಗೆರೆ ಎಲ್ಲವನ್ನೂ ಜೋಪಾನವಾಗಿ ಉಳಿಸಿದ್ದೆ. ಒಂದು ಬುಧವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ ಸ್ಟುಡಿಯೊ ಖಾಲಿಯಿದ್ದಾಗ, ಇಂಕು ಸವರಿ, ಕಾಗದ ಹಾಸಿ, ಪ್ರೆಸ್ಸಿನ ಚಕ್ರ ತಿರುಗಿಸಿದೆ. ಕಾಗದ ಎತ್ತಿದರೆ ಕೈ ಬಂದಿತ್ತು, ಬುಟ್ಟಿ ಬಂದಿತ್ತು, ಕೋಲೂ ಬಂದಿತ್ತು. ಮುಖದ ಜಾಗ ಬಿಳಿ.

ಇಂಕು ಕಮ್ಮಿಯಾಗಿರಬೇಕೆಂದು ಮತ್ತೆ ಸವರಿದೆ. ಮತ್ತೆ ಬಿಳಿ. ಒತ್ತಡ ಹೆಚ್ಚಿಸಿದೆ. ಲಿನೋದಲ್ಲಿ ಮುಖವಿದ್ದ ಕಡೆ ಹಿಂಬದಿಗೆ ಕಾಗದದ ಚೂರು ಅಂಟಿಸಿ ಎತ್ತರಿಸಿದೆ. ಕಾಗದ ಬದಲಿಸಿದೆ. ಕೆತ್ತಿದ ಲಿನೋ ಬ್ಲಾಕಿನ ದಿಕ್ಕು ತಿರುಗಿಸಿಟ್ಟು ಒತ್ತಿದೆ. ಲಿನೋದ ಮೇಲೆ ಕಣ್ಣು ಮೂಗು ಕಪ್ಪಗೆ ಮಿಂಚುತ್ತಿದ್ದವು, ಮುಟ್ಟಿದರೆ ಬೆರಳಿಗೆ ಹತ್ತುತ್ತಿದ್ದವು. ಕಾಗದಕ್ಕೆ ಮಾತ್ರ ಬರಲಿಲ್ಲ. ಏಳು ಹಾಳೆ ಹಾಳಾದವು. ಆಗ ನನಗೆ ಹೆದರಿಕೆಯಾಯಿತು ಎಂದು ಬರೆದರೆ ಸುಳ್ಳಾದೀತು. ಬಂದದ್ದು ಕೋಪ. ಆ ಬ್ಲಾಕನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಕೋಪ.

ಊಟ ಮುಗಿಸಿ ಬಂದ ಸವಿತಾ, "ಸರ್ಕೊಳ್ಳೆ ಅತ್ಲಾಗೆ" ಎಂದು ಅದೇ ಬ್ಲಾಕಿಗೆ ಅದೇ ಇಂಕು ಸವರಿ, ಅದೇ ಪ್ರೆಸ್ಸಿನಲ್ಲಿ ಒತ್ತಿದಳು. ಮುಖ ಬಂತು. ಒಂದು ಗೆರೆಯೂ ತಪ್ಪದಂತೆ ಬಂತು. ಇನ್ನೊಂದು ತೆಗೆದಳು, ಅದೂ ಬಂತು. ಮತ್ತೆ ನಾನು ತಿರುಗಿಸಿದೆ. ಬಿಳಿ. ಸವಿತಾ ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಒಣಗಲು ಹಾಕಿದ್ದ ನನ್ನ ಹಾಳೆಗಳ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಮೂರು ವರ್ಷದಲ್ಲಿ ಅವರು ಹಾಗೆ ನಿಂತದ್ದು ಅದೇ ಮೊದಲು. "ಮುಖ ಬಿಟ್ಟಿದ್ದೀಯಲ್ಲ, ಅದು ಕೆಲಸ" ಎಂದರು.

"ಬಿಟ್ಟಿಲ್ಲ ಸರ್. ಬರಲಿಲ್ಲ."

"ಹೀಗೇ ಹೇಳು ವೈವಾದಲ್ಲೂ" ಎಂದು ನಕ್ಕರು. ನಾನು ವೈವಾದಲ್ಲೂ ಹೀಗೇ ಹೇಳಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರೂ ನಕ್ಕರು. ಆ ಅಚ್ಚಿನಿಂದಲೇ ನಾನು ಪಾಸಾದೆ. ಕಷ್ಟಪಟ್ಟು ಮಾಡಿದ್ದನ್ನೆಲ್ಲ ಪಕ್ಕಕ್ಕಿಟ್ಟು, ನಾನು ಮಾಡದೇ ಇದ್ದ ಒಂದನ್ನು ಎಲ್ಲರೂ ಹೊಗಳಿದರು. ಆ ಸಂಕಟವನ್ನು ಯಾರಿಗೆ ಹೇಳುವುದು?

ರಿಸಲ್ಟ್ ಬಂದ ಮೇಲೆ ಎರಡು ಬಗೆಯ ಅಚ್ಚನ್ನೂ ಹಿಡಿದು ಮುತ್ತತ್ತಿಗೆ ಹೋದೆ. ಹೆಂಗಸು ಅಲ್ಲೇ ಇದ್ದಳು. ತಪ್ಪೊಪ್ಪಿಕೊಳ್ಳೋಣವೆಂದು ಮೊದಲು ಸವಿತಾ ಒತ್ತಿದ್ದನ್ನೇ ತೋರಿಸಿದೆ. ಅವಳು ದೂರ ಹಿಡಿದು ನೋಡಿ, "ಇದ್ಯಾರವ್ವ?" ಎಂದಳು.

"ನೀವೇ ಅಕ್ಕ. ನೀವು ಬೇಡ ಅಂದಿದ್ರೂ ಬರೆದೆ, ತಪ್ಪಾಯ್ತು."

"ನಾನಲ್ಲ ಬುಡು. ಕೈ ನಂದೆಯ. ಮಕ ಯಾರ್ದೋ."

ಹಾಳೆಯನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದೆ. ಹೋಲುತ್ತದೆಯೋ ಇಲ್ಲವೋ ಹೇಳಲಾಗಲಿಲ್ಲ. ಮೂರು ವರ್ಷ ಮುಖ ಬರೆಯುವುದನ್ನೇ ಕಲಿತವಳು ನಾನು. ಆಮೇಲೆ ಬಿಳಿ ಮುಖದ್ದನ್ನು ಕೊಟ್ಟೆ. "ಊಂ, ಇದು ನಾನು" ಎಂದು ಅದನ್ನು ನಾಲ್ಕು ಮಡಿಕೆ ಮಡಚಿ ಸೌತೆಕಾಯಿಯ ಕೆಳಗೆ ತುರುಕಿಕೊಂಡಳು.

ನಾನೀಗ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಈಚೆಗೆ ಸವಿತಾಳಿಗೆ ಫೋನ್ ಮಾಡಿದಾಗ ಈ ಮಾತು ಬಂತು. "ಮುಖದ ಹತ್ರ ಬಂದಾಗ ನಿನ್ನ ಕೈ ನಿಲ್ತಿತ್ತು ಕಣೆ, ನಾನು ನೋಡ್ದೆ" ಎಂದಳು. ನಿಲ್ಲಿಸಿದ ನೆನಪು ನನಗಿಲ್ಲ. ಚಕ್ರ ನಿಲ್ಲಿಸಿದ್ದರೂ ಪ್ರೆಸ್ಸಿನ ರೋಲರ್ ನಿಂತಲ್ಲಿ ಕಾಗದದ ಮೇಲೆ ಅಡ್ಡಗೆರೆ ಬೀಳಬೇಕೇ ಹೊರತು ಬಿಳಿ ಉಳಿಯುವಂತಿಲ್ಲ. ಹಾಗೆಂದೆ. ಅದಾದ ಮೇಲೆ ಯಾವತ್ತಾದರೂ ಆ ಬ್ಲಾಕನ್ನು ಒತ್ತಿ ನೋಡಿದೆಯಾ ಎಂದು ಅವಳು ಕೇಳಿದಳು.

ಇಲ್ಲಿ ಪ್ರೆಸ್ ಇಲ್ಲವಲ್ಲ ಎಂದೆ. ಅದು ನಿಜ. ಆದರೆ ಲಿನೋ ಅಚ್ಚಿಗೆ ಪ್ರೆಸ್ಸೇ ಬೇಕೆಂದಿಲ್ಲ, ಊಟದ ಚಮಚದ ಬೆನ್ನಿನಿಂದ ಉಜ್ಜಿದರೂ ಬರುತ್ತದೆ. ಅದು ಸವಿತಾಳಿಗೂ ಗೊತ್ತು.