ಬಾಯ್ಲರಾಗಿ ಬಡ್ತಿ ಪಡೆದ ಹಂಡೆ

ದೀಪಾವಳಿಯ ನೀರು ತುಂಬುವ ಹಬ್ಬದ ಮಧ್ಯಾಹ್ನ ನಾನು ಬಚ್ಚಲಿನ ತಾಮ್ರದ ಹಂಡೆಯೊಳಗೆ ತಲೆ ಹಾಕಿ, ನಾನೇ ಕೊರೆದ ತೂತಿಗೆ ಮೂರನೆಯ ಬಾರಿ ಅರಗು ಮೆತ್ತುತ್ತಿದ್ದೆ. ರೈಲೇ ಇಲ್ಲದ ಶಿರಸಿಯಲ್ಲಿ ಉಗಿಯಂತ್ರ ಓಡಿಸುವ ಮಹತ್ಕಾರ್ಯಕ್ಕಾಗಿ ಆ ಹಂಡೆಗೆ ಬಾಯ್ಲರಾಗಿ ಬಡ್ತಿ ಕೊಟ್ಟಿದ್ದೆ. ಸಂಜೆಯೊಳಗೆ ಅದನ್ನು ತೊಳೆದು, ಕೊರಳಿಗೆ ಹಬ್ಬದ ಬಳ್ಳಿ ಸುತ್ತಿ, ನೀರು ತುಂಬಲೇಬೇಕು. ಆ ದಿನ ಎಲ್ಲರ ಹಂಡೆಯೂ ಅವರವರಿಗೇ ಬೇಕು, ಎರವಲು ಸಿಗದು.

“ಕೊರೆದವ್ರು ನೀವು. ಮುಚ್ಚೋವರೆಗೆ ಊಟಕ್ಕೆ ಬರಬೇಡಿ” ಎಂದು ಹೆಂಡತಿ ತೀರ್ಪು ಕೊಟ್ಟಾಗಿತ್ತು.

ಆಗ ನೆರೆಮನೆಯ ಬಸಪ್ಪನವರು ಬೇಲಿ ದಾಟಿ ಬಂದರು. ಬನವಾಸಿ ಕಡೆಯ ಭತ್ತದ ವ್ಯಾಪಾರಿ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ, ಉಗಿಯ ಕುರಿತ ನನ್ನ ಉಪನ್ಯಾಸಗಳನ್ನೆಲ್ಲ ತಾಳ್ಮೆಯಿಂದ ಕೇಳಿದ ಏಕೈಕ ಶ್ರೋತೃ. ಬಂದವರೇ ನನ್ನ ಅರಗನ್ನು ಕಿತ್ತೆಸೆದರು. ತಾಮ್ರದ ತುಂಡು ಕತ್ತರಿಸಿ, ತೂತಿನ ಮೇಲಿಟ್ಟು, ರಿವೆಟ್ ಬಡಿದು ಕೂರಿಸಿದರು. ನೀರು ಹೊಯ್ದೆವು. ಒಂದು ಹನಿಯೂ ಹೊರಬರಲಿಲ್ಲ.

“ಇದನ್ನೆಲ್ಲಿ ಕಲಿತಿರಿ?” ಎಂದೆ.

“ಅಳ್ನಾವರದಾಗ್ರಿ. ಹರೇದಾಗ ಐದು ವರ್ಷ ರೈಲಿನ ಬಾಯ್ಲರ್ ರಿಪೇರಿ ಮಾಡೀನಿ.”

“ಮತ್ತೆ ಇಷ್ಟು ದಿನ ಹೇಳಲೇ ಇಲ್ಲವಲ್ಲ!”

“ನೀವು ಉಸುರು ತಗೊಳ್ಳಾಕರೆ ನಿಂತಿದ್ರ ಹೇಳ್ತಿದ್ನಿರಿ.”

ಹಂಡೆ ಬಚ್ಚಲಿಗೆ ಮರಳಿ ವರ್ಷವಾಯಿತು, ತೇಪೆ ಸೋರಿಲ್ಲ. ಹೊಸ ಬಾಯ್ಲರಿನ ಕೆಲಸ ಬೇಲಿಯ ಬಳಿ ಬಿಡದೆ ನಡೆದಿದೆ. ಬಸಪ್ಪನವರು ಹೇಳುತ್ತಾರೆ, ನಾನು ಸುತ್ತಿಗೆ ಹಿಡಿದು ಕೇಳುತ್ತೇನೆ.