ಎರಡನೇ ಪಾಳಿ ನಿಂತ ವರ್ಷ

ನೀರಜಾ ಅಂಬತ್ತೂರಿನ ಒಂದು ಚಿಕ್ಕ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಟ್ರ್ಯಾಕ್ಟರಿನ ಗೇರುಗಳನ್ನು ಕರೆಂಟಿನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು ಅಲ್ಲಿನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಆಕೆ ಕೇಳಿ ಪಡೆದದ್ದು ಒಂದೇ: ಮಧ್ಯಾಹ್ನ ಎರಡಕ್ಕೆ ಶುರುವಾಗುವ ಎರಡನೇ ಪಾಳಿ. ಮೊದಲು ಅದು ಅಮ್ಮನಿಗಾಗಿ. ಬೆಳಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ, ಅಡಿಗೆ ಮಾಡಿಟ್ಟು ಹೊರಡಲು ಅನುಕೂಲವಾಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೂ ಪಾಳಿ ಬದಲಿಸಲಿಲ್ಲ. ವೆಸ್ಟ್ ಮಾಂಬಲಂನ ಎರಡು ಕೋಣೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿ ಸುಮ್ಮನೆ ಕೂರುವುದು ಆಕೆಯಿಂದ ಆಗುತ್ತಿರಲಿಲ್ಲ. ಆ ತಮಿಳು ಊರಿನಲ್ಲಿ, ಮನೆಯಲ್ಲಿ ಕನ್ನಡ ಮಾತಾಡಲು ಇದ್ದದ್ದು ಅಮ್ಮ ಒಬ್ಬರೇ.

ಪಾಳಿಯಲ್ಲಿ ಆರು ಜನ. ಸಂಜೆ ಏಳೂವರೆಗೆ ಒಂದು ಮರದ ಪೆಟ್ಟಿಗೆಯ ಮೇಲೆ ಪೇಪರ್ ಹಾಸಿ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು. ಕುಲುಮೆ ನೋಡಿಕೊಳ್ಳುವ ಜಯಲಕ್ಷ್ಮೀ ತನ್ನ ಪುಳಿಯೋಗರೆಯಲ್ಲಿ ಅರ್ಧ ಎತ್ತಿ ನೀರಜಾಳ ಡಬ್ಬಿಗೆ ಹಾಕುತ್ತಿದ್ದಳು, ಬೇಡವೆಂದರೂ ಬಿಡುತ್ತಿರಲಿಲ್ಲ.

ಒಂದು ದಿನ ಮಾಲೀಕ ವಿಷ್ಣುಮೂರ್ತಿ ಆಕೆಯನ್ನು ಕರೆಸಿದರು. ಕುಂದಾಪುರದ ಕಡೆಯವರು, ಅಪ್ಪನ ಹೋಟೆಲು ಅಣ್ಣನಿಗೆ ಬಿಟ್ಟು ಕಾರ್ಖಾನೆ ಕಟ್ಟಿದವರು.

“ಗೇರಿನ ಆರ್ಡರ್ ಕೈ ತಪ್ಪುವ ಹಾಗೆ ಉಂಟು ನೀರಜಮ್ಮ. ಹೊರರಾಜ್ಯದವರು ನಮಗಿಂತ ಕಡಿಮೆಗೆ ಕೊಡ್ತಾರಂತೆ. ಎಣ್ಣೆ ಅವರಿಗೂ ಅದೇ ರೇಟು, ನಮಗೂ ಅದೇ ರೇಟು. ಕರೆಂಟು ಒಂದೇ ನಮ್ಮನ್ನು ಮುಳುಗಿಸುವುದು ಮಾರಾಯ್ರೆ. ಮಾಡಿನ ಮೇಲೆ ಸೋಲಾರ್ ಹಾಕಿದರೆ ಆಗುವುದಿಲ್ವಾ?”

“ಹಾಕ್ಬೋದು ಸಾರ್. ಆದ್ರೆ ನಮ್ಮ ರೂಫ್ ಚಿಕ್ಕದು. ಲೈಟು, ಫ್ಯಾನಿಗೆ ಸರಿಹೋಗತ್ತೆ. ಫರ್ನೇಸ್‌ಗೆ ಪತ್ತಾದು, ಸಾಲೋದೇ ಇಲ್ಲ.”

ಅವತ್ತಿನಿಂದ ಆಕೆ ಮೀಟರಿನ ಹಳೆಯ ದಾಖಲೆಗಳನ್ನು ಹರಡಿಕೊಂಡು ಕೂತಳು. ಮಧ್ಯಾಹ್ನ ರಾಜ್ಯದಲ್ಲಿ ಬಿಸಿಲಿನ ಕರೆಂಟು ಹೇರಳ, ಸಂಜೆ ಅಭಾವ. ಅವರ ಕುಲುಮೆಗಳು ಹೆಚ್ಚು ಉರಿಯುತ್ತಿದ್ದದ್ದು ಸಂಜೆಯೇ, ಅಂದರೆ ಅವಳ ಪಾಳಿಯಲ್ಲೇ. ಹಗಲಿಗೆ ಬದಲಿಸೋಣವೆಂದರೆ ಹಗಲಿನ ದರವೂ ಏನೂ ಅಗ್ಗವಿರಲಿಲ್ಲ.

ಆ ತಿಂಗಳು ವಿದ್ಯುತ್ ದರದ ಬಗ್ಗೆ ಸಾರ್ವಜನಿಕ ವಿಚಾರಣೆ ಇತ್ತು. ಯಾರು ಬೇಕಾದರೂ ಬಂದು ಮಾತಾಡಬಹುದು. ನೀರಜಾ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದಳು. ಅವಳ ಸರದಿ ಬಂದಾಗ ಊಟದ ಹೊತ್ತು ದಾಟಿತ್ತು, ಮುಕ್ಕಾಲು ಕುರ್ಚಿಗಳು ಖಾಲಿ.

“ಯಾವ ಸಂಘದವರಮ್ಮಾ?” ಎಂದು ವೇದಿಕೆಯಿಂದ ತಮಿಳಿನಲ್ಲಿ ಕೇಳಿದರು.

“ಸಂಘ ಇಲ್ಲ ಸಾರ್. ನಾನೊಬ್ಬಳೇ.” ಅವಳೂ ತಮಿಳಿನಲ್ಲೇ ಮುಂದುವರಿಸಿದಳು. “ಮಧ್ಯಾಹ್ನ ಕರೆಂಟು ಹೆಚ್ಚಾಯ್ತು ಅಂತ ಸೋಲಾರ್ ಪ್ಯಾನೆಲ್ ನಿಲ್ಲಿಸ್ತೀರಿ. ಸಂಜೆ ಸಾಲದು ಅಂತ ಹೊರಗಿಂದ ಕೊಳ್ತೀರಿ. ಬಿಸಿಲಿನ ಹೊತ್ತಿನ ದರ ಇಳಿಸಿ, ನಾವೇ ಕುಲುಮೆಯನ್ನ ಹಗಲಿಗೆ ತರ್ತೀವಿ. ದೊಡ್ಡ ಕಂಪನಿಗಳು ಸ್ವಂತ ಸೋಲಾರ್ ಪಾರ್ಕ್ ಮಾಡ್ಕೊತಾರೆ. ನಮ್ಮಂಥ ಚಿಕ್ಕವರಿಗೆ ಬಿಸಿಲು ಸಿಗೋದು ನಿಮ್ಮ ದರಪಟ್ಟಿಯಲ್ಲಿ ಮಾತ್ರ.”

ಮೂರು ನಿಮಿಷ ಮುಗಿಯಿತೆಂದು ಗಂಟೆ ಬಾರಿಸಿದರು. ಯಾರೋ ಏನೋ ಬರೆದುಕೊಂಡರು. ಅವಳು ಹೊರಗೆ ಬಂದಳು. ಯಾರಿಗಾದರೂ ಹೇಳಬೇಕೆನಿಸಿ ಫೋನು ತೆಗೆದಳು. ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋಗಿ, ಕೊನೆಗೆ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಎಂಟು ತಿಂಗಳ ಮೇಲೆ ಹೊಸ ದರದ ಆದೇಶ ಬಂತು: ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಚಿಕ್ಕ ಕೈಗಾರಿಕೆಗಳಿಗೂ ಕಡಿಮೆ ದರ. ಹಾಗೆ ದರ ಇಳಿಸಿ ಎಂದು ಕೇಳಿದವರು ಇನ್ನೂ ಎಷ್ಟೋ ಜನ ಇದ್ದರು, ನೀರಜಾ ತನ್ನಿಂದಾಯಿತು ಎಂದು ಎಲ್ಲೂ ಹೇಳಿಕೊಳ್ಳಲಿಲ್ಲ. ಎರಡು ಕುಲುಮೆಗಳನ್ನೂ ಹಗಲಲ್ಲೇ ಒಟ್ಟಿಗೆ ಉರಿಸುವಂತೆ ಹೊಸ ವೇಳಾಪಟ್ಟಿ ಬರೆದು ಮಾಲೀಕರ ಮುಂದಿಟ್ಟಳು.

ವಿಷ್ಣುಮೂರ್ತಿ ಕನ್ನಡಕ ತೆಗೆದು ನೋಡಿದರು. “ಇದರಲ್ಲಿ ಎರಡನೇ ಪಾಳಿಯೇ ಇಲ್ಲವಲ್ಲ?”

“ಬೇಡ ಸಾರ್. ಆರು ಜನಾನೂ ಹಗಲಿಗೇ ಬರ್ತೀವಿ. ಎರಡು ಫರ್ನೇಸ್‌ಗೂ ಆಳು ಬೇಕಲ್ಲ.”

“ನಿಮಗೆ ತೊಂದರೆ ಇಲ್ವಾ?”

“ನಂಗೇನು ಸಾರ್,” ಎಂದಳು ನೀರಜಾ.

ಆರ್ಡರ್ ಉಳಿಯಿತು. ಮರುವರ್ಷ ಇನ್ನೊಂದೂ ಬಂತು. ಜಯಲಕ್ಷ್ಮೀ ಅವಳ ಕೈ ಹಿಡಿದುಕೊಂಡು, “ಅಕ್ಕಾ, ಈಗ ಸಂಜೆ ಹೊತ್ತು ಮಗಳ ಜೊತೆ ಇರ್ತೀನಿ. ಅವಳು ಹುಟ್ಟಿದ ಮೇಲೆ ಇದೇ ಮೊದಲು,” ಎಂದಳು.

ಹಗಲಿನ ಊಟಕ್ಕೆ ಕ್ಯಾಂಟೀನಿನಲ್ಲಿ ನಲವತ್ತು ಜನ. ಆರು ಮಂದಿ ಆರು ಕಡೆ ಕೂರುತ್ತಿದ್ದರು. ಐದೂವರೆಗೆ ಎಲ್ಲರೂ ಬಸ್ಸಿಗೆ ಓಡುವರು. ನೀರಜಾ ಮೊದಮೊದಲು ಟಿ. ನಗರದಲ್ಲಿ ಇಳಿದು, ಏನೂ ಕೊಳ್ಳದೆ ಸೀರೆ ಅಂಗಡಿಗಳ ಮುಂದೆ ಕಾಲು ಸೋಲುವಷ್ಟು ನಡೆದಳು. ಒಮ್ಮೆ ಬೆಸೆಂಟ್ ನಗರದ ಸಮುದ್ರಕ್ಕೂ ಹೋದಳು. ಅಲ್ಲಿ ಎಲ್ಲರೂ ಯಾರದೋ ಜೊತೆ ಬಂದಿದ್ದರು.

ಒಂದು ಸಂಜೆ ತಡೆಯಲಾರದೆ ಜಯಲಕ್ಷ್ಮೀಗೆ ಫೋನು ಮಾಡಿದಳು. ಹಿಂದೆ ಹುಡುಗಿಯೊಬ್ಬಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದದ್ದು ಕೇಳಿಸಿತು. “ಪಾಠ ಹೇಳ್ಕೊಡ್ತಿದೀನಿ ಅಕ್ಕಾ. ಏನಾದ್ರೂ ಅವಸರಾನಾ?”

“ಇಲ್ಲಮ್ಮ, ಸುಮ್ನೆ. ನಾಳೆ ಮಾತಾಡೋಣ.”

ಮತ್ತೊಮ್ಮೆ ಬರೆಯಬೇಕಾಗಿ ಬಂದರೂ ತಾನು ಅದೇ ವೇಳಾಪಟ್ಟಿ ಬರೆಯುತ್ತೇನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ತೊಳೆದಿಟ್ಟು, ಸಾರಿಗೆ ಒಗ್ಗರಣೆ ಹಾಕಿದಳು. “ಉಪ್ಪು ಹಾಕಿದೆನಾ ಇಲ್ವಾ?” ಎಂದು ಕನ್ನಡದಲ್ಲಿ ಜೋರಾಗಿಯೇ ಕೇಳಿದಳು. ಆಮೇಲೆ ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡಿದಳು.