ಮಂಡಕ್ಕಿ ಮೋಡ

ಆ ದಿನ ಸಿಡಿಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಗಿರಿಜಕ್ಕ. ಗೊತ್ತಿದ್ದೂ ಬರುತ್ತದೆಂದೆ. ನಿನ್ನನ್ನು ತಡೆಯಲೆಂದೇ ಅಂದೆ.

ಎಪ್ಪತ್ತರ ದಶಕದ ಆರಂಭದ ಒಂದು ಬೇಸಿಗೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬುಕ್ಕಾಂಬುಧಿ ಕೆರೆಯಾಚೆಯ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಬೆಳಗಿನ ಹೊತ್ತು ಮಾಳಿಗೆಯ ಮೇಲೆ ಚಾಪೆ ಹಾಸಿ, ನಿನಗೆ ಮೋಡ ಗುರುತಿಸುವುದನ್ನು ಕಲಿಸುತ್ತಿದ್ದೆ — ಆಗ ನನಗಿದ್ದ ಉದ್ಯೋಗ ಅದೊಂದೇ. ನಾನು ಪುಸ್ತಕದ ಹೆಸರು ಹೇಳಿದರೆ ನೀನು ನಿನ್ನದೇ ಹೆಸರಿಡುತ್ತಿದ್ದೆ. ಎತ್ತರದಲ್ಲಿ ಎಳೆಎಳೆಯಾಗಿ ಹರಡುವುದು ಅಜ್ಜಿಕೂದಲು. ನೆತ್ತಿ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ನಿಲ್ಲುವ ಸಿಡಿಲಿನ ಮೋಡ, ಅಡಿಗಲ್ಲು. ಸಣ್ಣ ಬಿಳಿ ಉಂಡೆಗಳಾಗಿ ಚೆಲ್ಲಿಕೊಂಡದ್ದು ಮಂಡಕ್ಕಿ, ಅದರ ಭಯವಿಲ್ಲ. ಅಂಥ ಉಂಡೆಗಳ ಮೇಲೆ ಪುಟ್ಟ ಶಿಖರಗಳೆದ್ದರೆ ಗೋಪುರ. ಬೆಳಗ್ಗೆ ಗೋಪುರ ಕಂಡರೆ ಸಂಜೆ ಹುಷಾರಾಗಿರಬೇಕು.

ಟೀಚರ್ ಟ್ರೈನಿಂಗ್ ಮುಗಿಸಿದ್ದ ನಿನಗೆ ತರೀಕೆರೆಯ ಶಾಲೆಯೊಂದು ಸಂದರ್ಶನಕ್ಕೆ ಕರೆದಿತ್ತು. ಹೋದರೆ ಕೆಲಸ ಸಿಗುವುದು ಹೆಚ್ಚುಕಡಿಮೆ ಖಚಿತ. ನೀಲಿ ಸೀರೆ ಉಟ್ಟು — ನೀಲಿಯೇ? ಈಗ ಅನುಮಾನ — ಮಾಳಿಗೆಗೆ ಬಂದು ಆಕಾಶ ನೋಡಿದೆ. ತರೀಕೆರೆಯಿಂದ ಹಿಂತಿರುಗುವಷ್ಟರಲ್ಲಿ ಮಸುಕಾಗುತ್ತಿತ್ತು, ಕೆರೆ ಏರಿಯ ಮೇಲೆ ಒಬ್ಬಳೇ ನಡೆದು ಬರಬೇಕಿತ್ತು. ಹಿಂದಿನ ವರ್ಷ ಅಲ್ಲೇ ಸಿಡಿಲು ಬಡಿದು ಜೋಡೆತ್ತು ಸತ್ತಿದ್ದವು.

“ಮಂಡಕ್ಕಿ ಅಲ್ವೇನೋ ಪಂಚು?”

ಮಂಡಕ್ಕಿಯೇ. ಒಂದು ಉಂಡೆಗೂ ಶಿಖರವಿರಲಿಲ್ಲ.

“ಅಲ್ಲಕ್ಕ, ಸರ್ಯಾಗಿ ನೋಡು, ಗೋಪುರ. ಸಂಜೆಗೆ ಸಿಡ್ಲು ಗ್ಯಾರಂಟಿ. ಹೋಗ್ಬೇಡ.”

ನೀನು ಇನ್ನೊಮ್ಮೆ ನೋಡಿದೆ, ಬಹಳ ಹೊತ್ತು. ಅಷ್ಟರಲ್ಲಿ ಅವ್ವ ಮೆಟ್ಟಿಲಿನಿಂದಲೇ, “ಅಷ್ಟೊಂದು ಓದಿರೋನು ಸುಮ್‌ಸುಮ್ನೆ ಹೇಳ್ತಾನೇನೇ? ಸೀರೆ ಬಿಚ್ಚಿಡು. ಮಳೆ ಸಂಜೆಗಲ್ವಾ, ಅಷ್ಟ್ರೊಳಗೆ ಒಂದಿಷ್ಟು ಸಂಡಿಗೆ ಹಾಕ್ಬಿಡಣ ಬಾ” ಎಂದಳು.

ನಾನೇಕೆ ಹಾಗಂದೆ? ಹೆಚ್ಚು ಓದಿದ ನಾನು ಚಾಪೆಯ ಮೇಲೆ ಬಿದ್ದಿರುವಾಗ ನೀನು ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದನ್ನು — ನೋಡಲಾಗಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಕೆಲಸ ಬೇರೊಬ್ಬಳಿಗೆ ಹೋಯಿತು. ನೀನು ಮತ್ತೆಲ್ಲೂ ಅರ್ಜಿ ಹಾಕಲಿಲ್ಲ. ಸಿಂಗಟಗೆರೆಗೆ ಮದುವೆಯಾಗಿ ಹೋದೆ. ನನಗೆ ಕಡೂರಿನಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು.

ಸಂದರ್ಶನದ ದಿನ ಕಳೆದು ಒಂದು ವಾರಕ್ಕೋ ಹದಿನೈದು ದಿನಕ್ಕೋ, ಅಜ್ಜಂಪುರದ ಕಡೆಯಿಂದ ನಿಜವಾದ ಅಡಿಗಲ್ಲು ಎದ್ದು ಬಂದು, ಏರಿಯ ಮೇಲಿನ ಈಚಲು ಮರ ಸಿಡಿಲಿಗೆ ಹೊತ್ತಿ ಉರಿದಿತ್ತು. ವರ್ಷಗಳು ಕಳೆದಂತೆ ಆ ಮರ ನಿನ್ನ ಮಾತಿನಲ್ಲಿ ಮೆಲ್ಲಗೆ ಸರಿದು ಸಂದರ್ಶನದ ದಿನಕ್ಕೇ ಬಂತು. “ನಮ್ ಪಂಚು ತಡೀದಿದ್ರೆ ಅವತ್ತೇ ಕರಕಲಾಗೋಗ್ತಿದ್ದೆ ಕಣ್ರೀ” ಎಂದು ನೆಂಟರೆದುರು ಹೇಳುತ್ತೀ. ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ. ನೋಡಿದವರಿಗೆ ಅದು ವಿನಯ.

ಪುರಾವೆಯಿಲ್ಲದೆ ಏನನ್ನೂ ನಂಬೆನೆನ್ನುವವನು ನಾನು. ಆದರೂ ಕೇಳಿ ಕೇಳಿ — ಮರ ಅಂದೇ ಉರಿದಂತೆ ನನಗೂ ತೋರತೊಡಗಿತು. ಕಣ್ಣು ಮುಚ್ಚಿದರೆ ಆ ಆಕಾಶ ತಾನಾಗಿ ತೆರೆದುಕೊಳ್ಳುತ್ತದೆ. ಬಿಳಿ ಉಂಡೆಗಳು ಸದ್ದಿಲ್ಲದೆ ಮೇಲೇಳುತ್ತ, ನನ್ನ ಪರವಾಗಿ ಒಂದೊಂದೇ ಗೋಪುರವಾಗುತ್ತವೆ. ಬಹುಶಃ ಅಂದೂ ಹಾಗೆಯೇ ಇತ್ತೇನೋ ಎಂದು —

ಕಳೆದ ಭಾನುವಾರ ನಿಮ್ಮನೆಗೆ ಬಂದಿದ್ದೆನಲ್ಲ. ನೀನು ಸಂಡಿಗೆ ಕರಿಯುತ್ತ ಮಗಳಿಗೆ ಹೇಳಿದೆ: “ಸಂಡಿಗೆ ಅಂದ್ರೆ ನಾನು ಇಂಟರ್‌ವ್ಯೂಗೆ ಹೋಗ್ದಿದ್ ದಿನ ಹಾಕಿದ್ದು ಕಣೇ. ಕತ್ಲಾಗೋವರ್ಗೂ ಮಾಳ್ಗೆ ಮೇಲೇ ಇತ್ತು, ಒಂದ್ ಹನಿ ಬೀಳ್ಲಿಲ್ಲ. ಏನ್ ಗರಿಗರಿ ಅಂತೀಯಾ!”

ಹೇಳಿ, ನಿಲ್ಲಿಸಿದೆ. ಜಾಲರಿ ಸೌಟು ಕೈಯಲ್ಲೇ ಉಳಿಯಿತು. ನನ್ನ ಕಡೆ ತಿರುಗಿದೆ. ನಾನು ಸಂಡಿಗೆ ಮುರಿಯುತ್ತ ಕೂತೆ.

ಬರುವ ಭಾನುವಾರ ಮತ್ತೆ ಬರುತ್ತೇನೆ. ನಿನ್ನ ಮಗಳೂ ಎದುರಿಗಿರಲಿ. ಕ್ಷಮಿಸು ಎಂದು ಕೇಳುವ ಮೊದಲು, ಅಂದು ಮಾಳಿಗೆಯ ಮೇಲೆ ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಹೌದಕ್ಕ, ಮಂಡಕ್ಕಿ. ನೀನು ಸರಿಯಾಗಿಯೇ ಗುರುತಿಸಿದ್ದೆ.